ಗಂಟೆ ಹೊಡೆದಾಗ ಯಾವ ಕಡೆ

ಎರಡು ಸಾವಿರದ ಆರರ ಆಗಸ್ಟ್, ಮೆಲ್ಬರ್ನಿನ ಕೊರೆಯುವ ಚಳಿ, ಬೆಳಗಿನ ಆರು ಗಂಟೆ.

"ಒದ್ದೆ ಮಾಡಿಟ್ಟಿದೀಯಲ್ಲೋ ಮುದಿಯ! ನನ್ನ ಶೂ ನಿಮ್ಮಪ್ಪ ಒರೆಸ್ತಾನಾ?"

ಡಾಕ್‌ಲ್ಯಾಂಡ್ಸಿನ ಆಫೀಸು ಕಟ್ಟಡದಲ್ಲಿ ಟಾಯ್ಲೆಟ್ಟಿನ ಮುಂದೆ ನೆಲ ಒರೆಸುತ್ತಿದ್ದ ಬಾಳಪ್ಪ ಮಾಪ್ ಹಿಂದಕ್ಕೆಳೆದುಕೊಂಡ. ಬೈದವನು ಕ್ಲೀನಿಂಗ್ ಗುತ್ತಿಗೆದಾರ ಶ್ರೀಕಂಠಯ್ಯ. ಕನ್ನಡ ಸಂಘದ ಅಧ್ಯಕ್ಷನೂ ಅವನೇ. ಬಾಳಪ್ಪ ಊರಿನಲ್ಲಿ ಯಾವ ಕೇರಿಯವನೆಂದು ಮೊದಲ ದಿನವೇ ಕೇಳಿ ತಿಳಿದುಕೊಂಡಿದ್ದ. ಅಂದಿನಿಂದ ಬಾಳಪ್ಪನಿಗೆ ಕಟ್ಟಡದ ಹನ್ನೆರಡು ಟಾಯ್ಲೆಟ್ಟುಗಳೇ ಗತಿ.

ಶ್ರೀಕಂಠಯ್ಯ ಅಚ್ಚಾದ ಹಾಳೆಯೊಂದನ್ನು ಚಾಚಿದ. "ನಿನ್ನ ಹೆಂಡ್ತಿ ಹೆಸರು ಪಾರ್ಲಿಮೆಂಟ್ ದಾಖಲೆಲಿ ಬಂದಿದೆ ಕಣೋ. ಸೆನೆಟರ್ ಮಾತಾಡಿದಾರೆ. ಭಾನುವಾರ ಹಾಲ್‌ಗೆ ಬರ್ತಾರೆ, ಅವಳೇ ಹಾರ ಹಾಕ್ಬೇಕು. ಸ್ನಾನ ಮಾಡ್ಕೊಂಡು ಬನ್ನಿ."

ಹೋದ ವರ್ಷ ಇದೇ ಕಟ್ಟಡದಲ್ಲಿ ಜಾರಿಬಿದ್ದು ಹೆಂಡತಿ ಚನ್ನಕ್ಕನ ಮಣಿಕಟ್ಟು ಮುರಿದಿತ್ತು. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಶ್ರೀಕಂಠಯ್ಯ 'ನನಗೆ ನಾನೇ ಮಾಲೀಕಳು' ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದ. ಮಾಲೀಕಳಿಗೆ ಪರಿಹಾರ ಎಲ್ಲಿಯದು? ಟೆರಿಟರಿ ಎಂಬ ಕೇಂದ್ರಾಡಳಿತ ಪ್ರದೇಶದಿಂದ ಆರಿಸಿಬಂದ ಆ ಸೆನೆಟರ್ ಅವಳ ಪ್ಲಾಸ್ಟರ್ ಕೈ ಹಿಡಿದು ಫೋಟೊ ತೆಗೆಸಿಕೊಂಡು, ಇಂಥವರನ್ನೂ ಕೆಲಸಗಾರರೆಂದು ಎಣಿಸುವ ತಿದ್ದುಪಡಿ ಬರುತ್ತಿದೆ, ಹಳೆಯ ಪೆಟ್ಟಿಗೂ ಪರಿಹಾರವಿದೆ, ತನ್ನ ಬೆಂಬಲವಿದೆ ಎಂದಿದ್ದ. ಅದು ಪಾಸಾದರೆ ಕೈಗೆ ಇನ್ನೊಂದು ಆಪರೇಷನ್. ಇಲ್ಲದಿದ್ದರೆ ಸೊಟ್ಟ ಕೈಯೇ ಕೊನೆತನಕ.

ತಿದ್ದುಪಡಿ ಬಂದರೆ ದುಡ್ಡು ಬಿಚ್ಚಬೇಕಾದವನೇ ಹಾರ ಹಾಕಿಸುತ್ತಿದ್ದಾನಲ್ಲ ಎಂದು ಬಾಳಪ್ಪನಿಗೆ ಅನುಮಾನ ಬಂತು. ಟೆರಿಟರಿಯ ಆಫೀಸುಗಳ ಕಸ ಗುಡಿಸುವ ಗುತ್ತಿಗೆಯೂ ಶ್ರೀಕಂಠಯ್ಯನದೇ. ಊರಿನ ಪಂಚಾಯಿತಿಯಲ್ಲಿ ಮೆಂಬರನೊಬ್ಬ ಕೇರಿಯ ಬಾವಿಗಾಗಿ ಕಣ್ಣೀರು ಹಾಕಿ, ಕೈ ಎತ್ತುವ ಹೊತ್ತಿಗೆ ಗೌಡನ ಕಡೆ ಎತ್ತಿದ್ದನ್ನು ಮೂವತ್ತೇಳು ವರ್ಷವಾದರೂ ಅವನು ಮರೆತಿರಲಿಲ್ಲ.

ಜತೆಯಲ್ಲಿ ಕೆಲಸ ಮಾಡುವ ವಿದ್ಯಾರ್ಥಿನಿ ಹರ್ಷಿತಾಳಿಗೆ ಹೇಳಿದ: "ಏನ್ ಮಾತಾಡ್ಯಾನ ಅನ್ನೂದು ಬ್ಯಾಡ ತಂಗಿ. ಕೈ ಯಾವ ಬಾಜೂ ಎತ್ಯಾನ ನೋಡು."

ಮಧ್ಯಾಹ್ನ ಲೈಬ್ರರಿಯ ಕಂಪ್ಯೂಟರಿನಲ್ಲಿ ಅವಳು ದಾಖಲೆ ತೆಗೆದಳು. "ಅಲ್ಲಿ ಕೈ ಎತ್ತಲ್ಲ ಅಂಕಲ್. ಬೆಲ್ ಹೊಡೀತಾರೆ. ಬೇಕು ಅನ್ನೋರು ಒಂದು ಕಡೆ ಹೋಗಿ ಕೂರ್ತಾರೆ, ಬೇಡ ಅನ್ನೋರು ಇನ್ನೊಂದು ಕಡೆ. ಹೆಸರು ಬರ್ಕೊಳ್ತಾರೆ."

ಬಾಳಪ್ಪನಿಗೆ ಇಂಗ್ಲಿಷ್ ಬಾರದು. ಹಾಳೆಯಲ್ಲಿದ್ದ ಸೆನೆಟರನ ಹೆಸರಿನ ಒಂದೊಂದೇ ಅಕ್ಷರದ ಆಕಾರ ನೋಡಿಕೊಂಡು ಪರದೆಯ ಮೇಲೆ ಬೆರಳು ಇಳಿಸುತ್ತ ಬಂದ. ಬೇಡವೆಂದವರ ಪಟ್ಟಿಯಲ್ಲಿ ಬೆರಳು ನಿಂತಿತು.

"ಭಾಷಣದಲ್ಲಿ ಬೇಕು ಅಂದಿದಾರೆ, ಅಂಕಲ್... ಒಂದೇ ವೋಟಲ್ಲಿ ಬಿದ್ದೋಗಿದೆ."

"ಭಾಡ್ಯಾ ಸೂಳಿಮಗ! ಅಕಿ ಕೈ ತೋರ್ಸಿ ಅತ್ತಾಗ ಹೋಗಿ ಕುಂತಾನ."

ಭಾನುವಾರ ಹಾಲ್ ತುಂಬ ರೇಷ್ಮೆ ಸೀರೆ, ಕ್ಯಾಮೆರಾ. ಚನ್ನಕ್ಕ ಒಂಟಿಗೈಯಲ್ಲಿ ಹಾರ ಹಿಡಿದು ವೇದಿಕೆ ಹತ್ತಿದಳು. ಸೆನೆಟರ್ ಕತ್ತು ಬಗ್ಗಿಸಿದ. ಅವಳು ಹಾಕಲಿಲ್ಲ.

"ಸಾಹೇಬ್ರ, ಗಂಟಿ ಹೊಡದಾಗ ನೀವು ಯಾವ ಬಾಜೂ ಕುಂತ್ರಿ?"

ಸೆನೆಟರ್ ನಗುತ್ತಲೇ ಶ್ರೀಕಂಠಯ್ಯನ ಮುಖ ನೋಡಿದ.

"ನಿಮಗೆ ಥ್ಯಾಂಕ್ಸ್ ಹೇಳ್ತಿದಾಳೆ," ಎಂದು ಶ್ರೀಕಂಠಯ್ಯ ಮೈಕಿನಲ್ಲಿ ಇಂಗ್ಲಿಷಿಗೆ ತಿರುಗಿಸಿದ. ಕನ್ನಡ ಬಲ್ಲ ಹಾಲ್ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನಲ್ಲಿ ಹರ್ಷಿತಾ ತಲೆ ತಗ್ಗಿಸಿದಳು. ಇಲ್ಲೇ ನೆಲೆಸಲು ಹಾಕುವ ಪಿಆರ್ ಅರ್ಜಿಗೆ ಅವಳಿಗೆ ಶ್ರೀಕಂಠಯ್ಯನ ಪತ್ರ ಬೇಕಿತ್ತು.

"ಹಲ್ಕಟ್," ಎಂದು ಚನ್ನಕ್ಕ ಹಾರವನ್ನು ತನ್ನ ಸೊಟ್ಟ ಕೈಗೇ ಸುತ್ತಿಕೊಂಡು ಕೆಳಗಿಳಿದಳು.

ಸೋಮವಾರ ಬಾಳಪ್ಪನ ಕಾರ್ಡಿಗೆ ಬಾಗಿಲು ತೆರೆಯಲಿಲ್ಲ. ಗಾಜಿನಾಚೆ ಹರ್ಷಿತಾ ಅವನ ಮಾಪ್ ಹಿಡಿದು ನಿಂತಿದ್ದಳು. ಅವನು ಹೋದ.

ಗುರುವಾರ, ಹನ್ನೆರಡೂ ಟಾಯ್ಲೆಟ್ಟುಗಳನ್ನು ಇದ್ದ ಹಾಗೇ ಬಿಟ್ಟು, ತನ್ನ ಕಾರ್ಡನ್ನೂ ಪತ್ರದ ಆಸೆಯನ್ನೂ ಅಲ್ಲೇ ಇಟ್ಟು, ಅವಳೂ ಹೋದಳು.