ಬಚ್ಚಲ ಬಾಗಿಲ ಅಳತೆ

ಹಸಿ ಬಣ್ಣದ ವಾಸನೆ, ಅದರ ಹಿಂದೆ ಸಿಮೆಂಟಿನ ತಣ್ಣನೆಯ ವಾಸನೆ, ಅದಕ್ಕೂ ಹಿಂದೆ ಬೆರಳಗೆಣ್ಣಿನ ಉರಿ — ಎಡಗೈಯದೋ ಬಲಗೈಯದೋ, ಎರಡರದ್ದೂ, ಚರ್ಮ ಸುಲಿದಿದೆ, ಬಿಳಿ ಚೌಕಟ್ಟಿನ ಮೇಲೆ ಎರಡೂ ಕಡೆ ಕೆಂಪು ಗೀರು, ಅಯ್ಯೋ ಹೊಸ ಬಣ್ಣ ಕೆಟ್ಟಿತಲ್ಲ ಎಂದು ಮೊದಲು ಅನಿಸಿದ್ದಕ್ಕೇ ಅವಳಿಗೆ ತನ್ನ ಮೇಲೆ ಸಿಟ್ಟು ಬಂತು, ಕೈ ಸುಲಿದುಕೊಂಡವಳಿಗೆ ಬಣ್ಣದ ಚಿಂತೆ ಯಾಕೆ. ವೀಲ್‌ಚೇರಿನ ಮುಂದಿನ ಪುಟ್ಟ ಗಾಲಿಗಳು ಬಚ್ಚಲೊಳಗೆ, ಹಿಂದಿನ ದೊಡ್ಡ ಚಕ್ರಗಳು ಬಾಗಿಲಲ್ಲಿ, ಬೆನ್ನ ಹಿಂದೆ ಅಣ್ಣ, ಅತ್ತಿಗೆ, ಅಮ್ಮ — ತಿರುಗಿ ನೋಡಬೇಕಾಗಿಲ್ಲ, ಹಿಂದೆ ಏನಾಗುತ್ತಿದೆ ಎಂದು ತಿಳಿಯುವುದೇ ಅವಳ ಕಸುಬಾಗಿತ್ತು, ಡ್ರೈವಿಂಗ್ ಶಾಲೆಯ ಟೀಚರು, ಊರಿನ ಅರ್ಧ ಹೆಂಗಸರಿಗೆ ಕ್ಲಚ್ಚು ಬಿಡುವುದನ್ನು ಕಲಿಸಿದವಳು — ಅತ್ತಿಗೆ ಫೋನು ಎತ್ತಿ ಹಿಡಿದಿದ್ದಾಳೆ, ಮೊದಲ ಸಲ ಒಳಗೆ ಹೋಗುವುದನ್ನು ವಿಡಿಯೋ ಮಾಡುವುದಕ್ಕೆ, ಅಮ್ಮ ಉಸಿರು ಬಿಗಿಹಿಡಿದಿದ್ದಾಳೆ, ಅಣ್ಣ ಎದೆಯುಬ್ಬಿಸಿಕೊಂಡು ನಿಂತಿದ್ದಾನೆ, ಅವನೇ ಮೇಸ್ತ್ರಿ, ಅವನೇ ಕಟ್ಟಿದ್ದು, ತಂಗಿ ತರಬೇತಿ ಕೇಂದ್ರದಿಂದ ಬರುವುದರೊಳಗೆ ಮುಗಿಯಬೇಕೆಂದು ಕಂಡವರ ಮನೆ ಕೆಲಸವನ್ನೆಲ್ಲ ಪಕ್ಕಕ್ಕಿಟ್ಟು, ಟೈಲ್ಸ್ ತಾನೇ ಆರಿಸಿ, ಹಿಡಿಕೆ ತಾನೇ ಕೂರಿಸಿ. ಹೇಗಿದೆ, ಅಂದ. ಚೆನ್ನಾಗಿದೆ, ಅಂದಳು, ಸುಳ್ಳಲ್ಲ, ಹೆಸರಿಡುವ ಹಾಗೇ ಇಲ್ಲ, ಹೊಸ್ತಿಲು ಕಿತ್ತಿದ್ದಾನೆ, ನೆಲ ಜಾರುವುದಿಲ್ಲ, ಕಮೋಡಿನ ಎರಡೂ ಪಕ್ಕ ಹೊಳೆಯುವ ಸ್ಟೀಲು, ಬೇಸಿನ್ನಿನ ಕೆಳಗೆ ಮೊಣಕಾಲು ತೂರುವಷ್ಟು ಜಾಗ, ಎಲ್ಲ ಇದೆ, ಒಳಗೆ ಹೋಗುವುದೊಂದು ಬಿಟ್ಟು.

ಕೈ ಮಡಿಲಲ್ಲಿಟ್ಕೊಳೇ, ಅಂದ ಅಣ್ಣ, ನಾನು ಹಿಂದಿಂದ ತಳ್ತೀನಿ, ಬೆಣ್ಣೇಲಿ ಕೂದಲು ತೆಗೆದ ಹಾಗೆ ಹೋಗತ್ತೆ ನೋಡು, ಅಳ್ದೇ ಮಾಡಿರೋದು. ಅಳೆದೇ ಮಾಡಿದ್ದಾನೆ, ಅವಳು ಕಣ್ಣಾರೆ ಕಂಡಿದ್ದಾಳೆ, ಕೇಂದ್ರಕ್ಕೆ ಟೇಪು ಹಿಡಿದು ಬಂದಿದ್ದ, ಅವಳು ಮಂಚದ ಮೇಲೆ ಬೋರಲು ಮಲಗಿದ್ದಳು, ಕುರ್ಚಿ ಪಕ್ಕದಲ್ಲಿ ಖಾಲಿ ನಿಂತಿತ್ತು, ಈ ಚಕ್ರದಿಂದ ಆ ಚಕ್ರಕ್ಕೆ ಟೇಪು ಎಳೆದ, ನಂಬಿಕೆಯಾಗದೆ ಇನ್ನೊಮ್ಮೆ ಎಳೆದ, ಅಂಗೈ ಮೇಲೆ ಪೆನ್ನಿನಲ್ಲಿ ಗೀಚಿಕೊಂಡ, ಏನಣ್ಣ ಅದು ಅಂದರೆ ನಿಂಗ್ಯಾಕೆ ಸುಮ್ನೆ ಮಲ್ಕೋ ಅಂತ ತುಟಿಯಲ್ಲೇ ನಕ್ಕ, ಆ ನಗು ನೋಡಿ ಅವಳಿಗೆ ಕಣ್ಣು ತುಂಬಿ ಬಂದಿತ್ತು, ಈಗ ಮೈ ಉರಿಯುತ್ತಿದೆ. ಖಾಲಿ ಕುರ್ಚಿ ಅಳೆದ, ಮಾರಾಯ. ಮಂಚ ಬಾಗಿಲಲ್ಲಿ ಹೋಗುತ್ತದೋ ಇಲ್ಲವೋ, ಬೀರು ಹೋಗುತ್ತದೋ ಇಲ್ಲವೋ ಎಂದು ಅಳೆಯುತ್ತಾರಲ್ಲ, ಹಾಗೆ. ಕುರ್ಚಿ ಹೋಗುತ್ತದೆ, ಕೂತವಳೂ ಹೋಗುತ್ತಾಳೆ, ಚಕ್ರದ ಹೊರಗಿನ ಉಕ್ಕಿನ ಬಳೆ ಹಿಡಿದು ಅದನ್ನು ತಿರುಗಿಸುವ ಕೈ ಮಾತ್ರ ಹೋಗುವುದಿಲ್ಲ, ಕೈ ಎಂಬುದೊಂದು ಇದೆ ಎಂದು ಅವನ ಅಳತೆಯಲ್ಲಿ ಎಲ್ಲೂ ಬಂದಿಲ್ಲ. ಹಿಂದೆ ನಿಂತು ತಳ್ಳುವವನ ಲೆಕ್ಕ ಅದು.

ಮಡಿಲಲ್ಲಿಟ್ಕೊ — ಇದನ್ನು ಮೊದಲು ಹೇಳಿದವರು ಯಾರು, ಅಪಘಾತದ ದಿನ ಆಸ್ಪತ್ರೆಗೆ ಒಯ್ದ ಕಾರಿನ ಹಿಂದಿನ ಸೀಟಿನಲ್ಲೇ ಇರಬೇಕು, ಸಿಗ್ನಲ್ಲಿನಲ್ಲಿ ನಿಂತಿದ್ದ ಡ್ರೈವಿಂಗ್ ಶಾಲೆಯ ಕಾರಿಗೆ ಲಾರಿ ಹಿಂದಿನಿಂದ ಗುದ್ದಿತು, ಸ್ಟಿಯರಿಂಗ್ ಹಿಡಿದಿದ್ದ ಹುಡುಗಿಗೆ ಒಂದು ಗೀರೂ ಇಲ್ಲ, ಸದ್ಯ, ಪಕ್ಕದಲ್ಲಿ ಕೂತ ಇವಳ ಬೆನ್ನುಮೂಳೆ ಹೋಯಿತು, ಜನ ಓಡಿ ಬಂದರು, ಎಂಥ ಒಳ್ಳೆಯ ಜನ, ಒಬ್ಬ ಕಂಕುಳಿಗೆ ಕೈ ಹಾಕಿದ, ಇನ್ನೊಬ್ಬ ಕಾಲು ಹಿಡಿದ, ಮೂಟೆ ಎತ್ತಿದ ಹಾಗೆ ನಡು ಜೋತಾಡಿಸಿಕೊಂಡು ಯಾರದೋ ಕಾರಿಗೆ ತುರುಕಿದರು, ಎತ್ತಬೇಡಿ ಅಂದಳೋ ಇಲ್ಲವೋ, ಅಂದಿದ್ದಳು, ಚಪ್ಪಲಿಯೊಳಗೆ ಹೆಬ್ಬೆರಳು ಆಡುತ್ತಿತ್ತು, ಅದು ನೆನಪಿದೆ, ಆಮೇಲೆ ಆಡಲಿಲ್ಲ, ಅದೂ ನೆನಪಿದೆ, ಕೈ ಮಡಿಲಲ್ಲಿಟ್ಕೊಳಮ್ಮ ಬಾಗ್ಲು ಹಾಕ್ಬೇಕು, ಅಂದಿತು ಒಂದು ದನಿ. ಎತ್ತಿದ್ದರಿಂದಲೇ ಹೀಗಾಯ್ತಾ ಡಾಕ್ಟ್ರೇ ಎಂದು ಅವಳು ಕೇಳಿದರೆ ದೊಡ್ಡ ಡಾಕ್ಟರು ಅಣ್ಣನ ಕಡೆ ತಿರುಗಿ ಹಾಗೆಲ್ಲ ಹೇಳಕ್ಕಾಗಲ್ಲಪ್ಪ ಅಂದರು. ಅಣ್ಣನ ಕಡೆ! ಕೇಳಿದವಳು ಮಂಚದ ಮೇಲಿದ್ದಾಳೆ, ಉತ್ತರ ಗೋಡೆ ಪಕ್ಕ ನಿಂತವನಿಗೆ. ಇವ್ರಿಗೆ ನಿದ್ದೆ ಬರತ್ತಾ, ಇವ್ರಿಗೆ ಮದುವೆ ಆಗಿದ್ಯಾ, ಇವ್ರನ್ನ ನೋಡ್ಕೊಳ್ಳೋರು ಯಾರು. ಕಾಲು ಹೋದರೆ ಕಿವಿಯೂ ಹೋಯಿತೆಂದು ಯಾವ ಪುಸ್ತಕದಲ್ಲಿ ಓದಿಕೊಂಡು ಬರುತ್ತಾರೋ. ಮತ್ತೆ ಆ ವಾರ್ಡು, ಮಗ್ಗುಲು ಬದಲಿಸಲು ಒಬ್ಬರೂ ಬರಲಿಲ್ಲ, ಬಂದವರು ಇವತ್ತು ಸ್ಟಾಫ್ ಕಮ್ಮಿ ಕಣಮ್ಮ ಅಂದರು, ದಿನವೂ ಇವತ್ತೇ, ಬೆನ್ನಿನ ಬುಡದಲ್ಲಿ ಹುಣ್ಣಾಗಿ ಮೂಳೆ ಮುಟ್ಟಿತು, ವಾಸನೆ ಬಂದ ಮೇಲೆ ಪಕ್ಕದ ಮಂಚದ ಅಜ್ಜಿಯೇ ಕೂಗಿ ಹೇಳಿದ್ದು, ಆಗ ನರ್ಸು ಇವಳಿಗೇ ಗದರಿದಳು, ಇಷ್ಟಾಗೋವರೆಗೆ ಹೇಳ್ಬಾರ್ದಿತ್ತಾ ಅಂತ. ಹೇಳುವುದಕ್ಕೆ ನೋವು ಗೊತ್ತಾಗಬೇಕಲ್ಲ ತಾಯಿ, ಗೊತ್ತಾಗಿದ್ದರೆ ಎದ್ದು ಓಡಿಯೇ ಹೋಗುತ್ತಿದ್ದೆ. ಕೊನೆಗೆ ಜೀವ ಉಳೀತಲ್ಲ, ಅಷ್ಟು ಸಾಕು ಅಂದ್ಕೊಳ್ಳಿ ಎಂದು ಕೈತೊಳೆದುಕೊಂಡು ಮನೆಗೆ ಕಳಿಸಿದರು, ಬೆನ್ನುಹುರಿಗೆ ಪೆಟ್ಟಾದವರಿಗೆಂದೇ ತರಬೇತಿ ಕೇಂದ್ರವೊಂದಿದೆ ಎಂದು ಯಾರೂ ಬಾಯಿ ಬಿಡಲಿಲ್ಲ, ಲಿಫ್ಟಿಗೆ ಕಾಯುತ್ತಿದ್ದ ಇನ್ನೊಬ್ಬ ರೋಗಿಯ ಹೆಂಡತಿ ಹೇಳಿದ್ದು, ಆಕೆ ಮೆಟ್ಟಿಲಲ್ಲಿ ಹೋಗಿದ್ದರೆ ಇವಳು ಇವತ್ತಿಗೂ ಸೂರು ನೋಡುತ್ತ ಮಲಗಿರುತ್ತಿದ್ದಳು. ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ಕೈ ಮಡಿಲಲ್ಲಿಟ್ಕೊಳ್ಳಿ, ಲಿಫ್ಟಿನಲ್ಲಿ ಕೈ ಮಡಿಲಲ್ಲಿಟ್ಕೊಳ್ಳಿ, ಒಂದರ ಮೇಲೊಂದು ಮಡಿಲಲ್ಲಿ ಬಿದ್ದ ತನ್ನ ಎರಡು ಕೈಗಳನ್ನು ಅವಳು ಯಾರದೋ ಸಾಮಾನು ಕಾಯುತ್ತಿರುವವಳ ಹಾಗೆ ನೋಡುತ್ತ ಕೂತಿರುತ್ತಿದ್ದಳು.

ಅದನ್ನು ಬಿಡಿಸಿದವಳು ಕೈಕಟ್ಟಿ ಮೇಡಂ — ಕೇಂದ್ರದ ಫಿಸಿಯೋಥೆರಪಿಸ್ಟು, ಸದಾ ಕೈಕಟ್ಟಿಕೊಂಡೇ ನಿಲ್ಲುತ್ತಿದ್ದದ್ದಕ್ಕೆ ರೋಗಿಗಳು ಇಟ್ಟ ಹೆಸರು, ಬಿದ್ದರೂ ಎತ್ತುತ್ತಿರಲಿಲ್ಲ ರಾಕ್ಷಸಿ, ಬಿದ್ದಿದೀರಿ, ಸರಿ, ಈಗ ಏಳೋದು ಹೇಗೆ ಅಂತ ನೀವೇ ಹೇಳಿ, ಅನ್ನುತ್ತಿದ್ದಳು, ಇವಳು ಬೈದಳು, ಅತ್ತಳು, ಆಮೇಲೆ ಒಂದು ದಿನ ಹೊಳೆಯಿತು, ಇದು ತನ್ನದೇ ಪಾಠ, ಕಲಿಯುವವರ ಸ್ಟಿಯರಿಂಗಿಗೆ ತಾನು ಯಾವತ್ತಾದರೂ ಕೈ ಹಾಕಿದ್ದುಂಟಾ, ಇಲ್ಲ, ಕಾಲು ತನ್ನ ಕಡೆಯ ಬ್ರೇಕಿನ ಮೇಲೆ ಇಟ್ಟುಕೊಂಡು ಬಾಯಿ ಮುಚ್ಚಿಕೊಂಡು ಕೂರುತ್ತಿದ್ದಳು, ಹಾಗೆ ಕೂರುವುದೇ ಕಷ್ಟದ ಕೆಲಸ. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಕಮೋಡಿಗೆ, ತೋಳಿನ ಮೇಲೆ ಇಡೀ ಮೈ ಎತ್ತಿ ದಾಟಿಸುವುದು, ಮತ್ತೆ ಮೂತ್ರದ ವಿದ್ಯೆ, ಅದು ತಾನಾಗಿ ಬರುವುದಿಲ್ಲ, ತುಂಬಿದ್ದೂ ತಿಳಿಯುವುದಿಲ್ಲ, ಹೊತ್ತು ಹೊತ್ತಿಗೆ ತಾನೇ ಸಣ್ಣ ಕೊಳವೆ ಹಾಕಿ ತೆಗೆಯಬೇಕು, ತಡವಾದರೆ ನೆತ್ತಿಯಲ್ಲಿ ಬೆವರು, ತಲೆನೋವು, ಜ್ವರ, ಕಿಡ್ನಿಗೆ ಪೆಟ್ಟು, ಮೊದಲು ಕನ್ನಡಿ ಇಟ್ಟುಕೊಂಡು, ಆಮೇಲೆ ಕನ್ನಡಿಯಿಲ್ಲದೆ, ಮೊದಲ ಸಲ ಸರಿಯಾಗಿ ಬಂದ ದಿನ ಅವಳು ಬಾಗಿಲು ಹಾಕಿಕೊಂಡು ಒಬ್ಬಳೇ ನಕ್ಕಿದ್ದಳು. ಬಾಗಿಲು ಹಾಕಿಕೊಂಡು! ಎಷ್ಟು ತಿಂಗಳಿಂದ ಅವಳ ಮುಂದೆ ಒಂದು ಬಾಗಿಲೂ ಹಾಕಿರಲಿಲ್ಲ, ಯಾರು ಬೇಕಾದರೂ ಬಂದು ಹೊದಿಕೆ ಎತ್ತಿ ನೋಡಬಹುದಿತ್ತು. ಆ ಬಾಗಿಲಿಗಾಗಿಯೇ ಅವಳು ಮನೆಗೆ ಬಂದದ್ದು, ಬೇರೆ ಏನೂ ಬೇಡ, ಒಳಗಿನಿಂದ ಚಿಲಕ ಹಾಕಿಕೊಳ್ಳುವ ಒಂದು ಬಾಗಿಲು.

ಈಗ ನೆತ್ತಿಯಲ್ಲಿ ಬೆವರು ಜಿನುಗುತ್ತಿದೆ, ದಾರಿಯಲ್ಲಿ ಎಲ್ಲೂ ಒಳಗೆ ಹೋಗಲಾಗುವ ಶೌಚಾಲಯ ಸಿಗಲಿಲ್ಲ, ಮನೆಯಲ್ಲಿ ಇದೆಯಲ್ಲ ಎಂದು ತಡೆದುಕೊಂಡು ಬಂದಳು — ಇನ್ನೊಂದು ಸಲ ಬಳೆ ಹಿಡಿದು ನೂಕಿದಳು, ಗೆಣ್ಣು ಮತ್ತೆ ಚೌಕಟ್ಟಿಗೆ ಉಜ್ಜಿತು, ಅಮ್ಮ ಹಾ ಅಂದಳು. ಯಾಕೆ ಹಟ ಮಾಡ್ತೀಯೇ, ಅಷ್ಟು ಕಷ್ಟಪಟ್ಟು ಮಾಡಿದಾನೆ ಅವ್ನು, ಕೈ ತೆಗೆದ್ರೆ ಆಯ್ತಪ್ಪ, ತಳ್ಳೋಕೆ ನಾವೆಲ್ಲ ಇದೀವಲ್ಲ. ಅತ್ತಿಗೆ ಫೋನು ಕೆಳಗಿಳಿಸಿ ಕಿವಿಯ ಹತ್ತಿರ ಬಗ್ಗಿದಳು, ನಾನು ಒಳಗೆ ಬರ್ತೀನಿ, ಎಲ್ಲ ನಾನೇ ಮಾಡ್ತೀನಿ, ನಂಗೇನೂ ಅಸಹ್ಯ ಇಲ್ಲಪ್ಪ. ಬಂಗಾರದಂಥ ಅತ್ತಿಗೆ, ನಿನಗೆ ಅಸಹ್ಯ ಇಲ್ಲ, ನನಗಿದೆ, ಇವತ್ತು ತಳ್ಳುತ್ತೀಯ, ನಾಳೆಯೂ ತಳ್ಳುತ್ತೀಯ, ಸಂತೆಗೆ ಹೋದಾಗ, ನಿನಗೆ ಜ್ವರ ಬಂದಾಗ, ನೀನು ಅಣ್ಣನ ಜೊತೆ ಜಗಳವಾಡಿ ಮುಖ ಊದಿಸಿಕೊಂಡು ಕೂತಾಗ ನಾನು ಯಾರನ್ನು ಕೂಗಲಿ, ಅಮ್ಮನನ್ನೇ, ಅಮ್ಮನಿಗೆ ತನ್ನ ಸೊಂಟ ಎತ್ತುವುದೇ ಆಗುವುದಿಲ್ಲ, ಆಗ ನೀರು ಕಡಿಮೆ ಕುಡಿಯುತ್ತೇನೆ, ಆಗ ಸೋಂಕು, ಆಗ ಮತ್ತೆ ಅದೇ ವಾರ್ಡು, ಅದೇ ಇವ್ರನ್ನ ನೋಡ್ಕೊಳ್ಳೋರು ಯಾರು. ಇಡೀ ಬದುಕು ಕೈ ಮಡಿಲಲ್ಲಿ. ಕೈಲಾಗದವಳು ಅನ್ನುತ್ತಾರೆ, ಇರುವುದೆಲ್ಲ ಕೈಯಲ್ಲೇ ಇದೆ ಅವಳಿಗೆ, ಅದನ್ನೇ ತೆಗಿ ಅನ್ನುತ್ತಾರೆ, ಪ್ರೀತಿಯಿಂದ ಅನ್ನುತ್ತಾರೆ, ಬೈಯುವ ಹಾಗೂ ಇಲ್ಲ.

ಬೈದಳು. ಅಣ್ಣಾ ಇದನ್ನ ಒಡಿ, ಅಂದಳು, ದನಿ ತನಗೇ ಗುರುತು ಸಿಗಲಿಲ್ಲ. ಏನು ಒಡೀಲಿ? ಚೌಕಟ್ಟು. ಬಾಗ್ಲು. ಕೈ ಹಿಡಿಸೋ ಅಷ್ಟು ಒಡಿ. ಹಿಂದೆ ಅಣ್ಣನ ಉಸಿರು, ಅವನು ನೊಂದುಕೊಂಡ, ನೊಂದುಕೊಳ್ಳಲಿ, ಅಯ್ಯೋ ಪಾಪ, ಪಾಪವೇನು ಬಂತು. ನಿಂಗೆ ನಾವು ಮುಟ್ಟೋದೇ ಬೇಡ್ವಾ, ಅಂದ, ನಮ್ಮನ್ನ ಕಂಡ್ರೆ ಆಗಲ್ವಾ. ಆಗತ್ತೆ, ಅಂದಳು, ಬಚ್ಚಲಲ್ಲಿ ಆಗಲ್ಲ. ಅತ್ತಿಗೆ ಫಕ್ಕನೆ ನಕ್ಕಳು, ಬಾಯಿ ಮುಚ್ಚಿಕೊಂಡಳು, ಆ ನಗುವಿನಿಂದ ಏನೋ ಸಡಿಲವಾಯಿತು, ಅಣ್ಣನೂ ಮೂಗಿನಲ್ಲೇ ನಕ್ಕನೇನೋ, ಗೋಡೆ ಬಡಿದು ನೋಡಿದ, ಇಲ್ಲಿ ಪೈಪಿದೆ, ಆ ಕಡೆ ಒಡೀಬೋದು, ಅಂದ, ಒಡೀಬೋದು ಅಂದ! ಅವಳ ಎದೆ ಹಗುರಾಯಿತು, ತುಸು ಹಿಂದೆ ಬಂದು ಅವನಿಗೆ ಜಾಗ ಬಿಟ್ಟಳು, ಬ್ರೇಕು ಹಾಕಿದಳು, ಎರಡೂ ಕೈಯಲ್ಲಿ ಬಳೆಗಳನ್ನು ಹಿಡಿದು ಮೊಣಕೈ ಹೊರಗೆ ಚಾಚಿ ಕೂತಳು, ನೋಡಲಿ, ಇಷ್ಟು ಅಗಲ ನಾನು, ಕೈ ಸೇರಿ ಇಷ್ಟು ಅಗಲ. ಅಣ್ಣ ಟೇಪು ತಂದ, ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕೂತ, ತಲೆಗೂದಲಲ್ಲಿ ಸಿಮೆಂಟಿನ ಪುಡಿ, ಎಷ್ಟು ದಿನದಿಂದ ಸರಿಯಾಗಿ ಸ್ನಾನ ಮಾಡಿಲ್ಲವೋ, ನನ್ನ ಅಣ್ಣ, ಟೇಪಿನ ನಾಲಿಗೆ ಎಳೆದ, ಎಡ ಚಕ್ರಕ್ಕೆ ತಾಗಿಸಿದ, ಬಲಕ್ಕೆ ತಂದ, ತಲೆಯೆತ್ತದೆ ಅಂದ, ಕೈ ಒಂಚೂರು ತೆಗಿ, ಅಡ್ಡ ಬರ್ತಿದೆ, ಸರಿಯಾಗಿ ಅಳೀಬೇಕು.

ಕೈ ತೆಗಿ, ಅಂದ — ತೆಗೆದು ಎಲ್ಲಿಡಲಿ ಅಣ್ಣಾ — ಅವನು ಕಾಯುತ್ತಿದ್ದಾನೆ, ಕೆಟ್ಟವನಲ್ಲ, ಕಾಯುತ್ತಿದ್ದಾನೆ, ಟೇಪಿನ ತಣ್ಣನೆಯ ತುದಿ ಸುಲಿದ ಗೆಣ್ಣನ್ನು ಮುಟ್ಟಿಕೊಂಡು ನಿಂತಿದೆ, ಬೆವರು ಹುಬ್ಬಿಗಿಳಿಯಿತು, ಒರೆಸಬೇಕು, ಒರೆಸಿದರೆ ಕೈ ಏಳುತ್ತದೆ, ಎದ್ದರೆ ಅಳೆದುಬಿಡುತ್ತಾನೆ, ಮಡಿಲು ಖಾಲಿ ಇದೆ, ಕೈ ಬಳೆಯ ಮೇಲಿದೆ, ಕೈ ತೆಗೆಯೇ, ಅಂದಳು ಅಮ್ಮ, ಕೈ ಬಳೆಯ ಮೇಲೆ, ಗೆಣ್ಣಿನ ಮೇಲೆ ರಕ್ತದ ಒಂದು ಸಣ್ಣ ಹನಿ, ಟೇಪಿನ ಮೇಲೆ, ಕೈ, ಬಳೆಯ ಮೇಲೆ ಕೈ