ಸಪ್ಪಳವಿಲ್ಲದ ಬೆಳಗು

ಧಾರವಾಡದ ಬಳಿಯ ಬೇಲೂರು ಕೈಗಾರಿಕಾ ಪ್ರದೇಶದ ಕಂಪನಿಯೊಂದರಲ್ಲಿ ವೈರು ಜೋಡಿಸುತ್ತ ಕುಳಿತಿದ್ದ ಭುವನೇಶ್ವರಿಗೆ ಕೊನೆಗೂ ಲೈನ್ ಲೀಡರ್ ಆಗುವ ಅವಕಾಶ ಬಂತು. ಷರತ್ತು ಒಂದೇ, ಬೆಳಗಿನ ಮೊದಲ ಪಾಳಿಗೆ ಬರಬೇಕು. ಒಂದು ತಿಂಗಳು ಮಾಡಿ ತೋರಿಸಿದರೆ ಆಮೇಲೆ ಕಾಯಂ. ಕಂಪನಿ ಬಸ್ಸು ಹುಬ್ಬಳ್ಳಿಯ ಗೋಕುಲ ರಸ್ತೆಯ ತಿರುವಿಗೆ ನಸುಕಿನಲ್ಲೇ ಬರುತ್ತದೆ, ಯಾರಿಗಾಗಿಯೂ ಕಾಯುವುದಿಲ್ಲ.

ಸಂಜೆ ಚಹಾ ಕೊಡುತ್ತ ಮನೆಯವರಿಗೆ ಸುದ್ದಿ ಹೇಳಿದಳು. ಗಂಡ ಗುರುಪಾದ ಅದೇ ರಸ್ತೆಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯಲ್ಲಿ ಕೆಲಸಕ್ಕಿದ್ದ. ಬಸಿಯನ್ನು ಕೆಳಗಿಟ್ಟು ನಕ್ಕ. "ಮನ್ಯಾಗ ಲೀಡರ್ ಇದ್ದೇ ಇದ್ದಿ. ಇನ್ನ ಕಂಪನ್ಯಾಗೂ ಆದಿ. ನಾವ್ ಎಲ್ಲಿಗೆ ಹೋಗೂಣು?"

"ನೀವು ಎಲ್ಲಿಗೂ ಹೋಗಬ್ಯಾಡ್ರಿ. ಹೊತ್ತಿಗೆ ಸರಿ ಏಳ್ರಿ, ಸಾಕು" ಎಂದಳು ಭುವನೇಶ್ವರಿ.

ಎಂಟನೆಯ ತರಗತಿಯ ಮಗಳು ವಿದ್ಯಾ ಚಪ್ಪಾಳೆ ತಟ್ಟಿದಳು. ಅತ್ತೆ ಸಾವಕ್ಕ ಮಾತ್ರ "ಛಲೋ ಆತು" ಎಂದಷ್ಟೇ ಹೇಳಿ ಸುಮ್ಮನಾದಳು. ಅತ್ತೆಯ ಮೌನಗಳನ್ನು ಭುವನೇಶ್ವರಿ ಇಷ್ಟು ವರ್ಷಗಳಲ್ಲಿ ಓದಲು ಕಲಿತಿದ್ದಳು. ಮೊಣಕಾಲು ನೋಯುವಾಗಿನ ಮೌನ ಬೇರೆ, ಸಾರಿಗೆ ಉಪ್ಪು ಹೆಚ್ಚಾದಾಗಿನ ಮೌನ ಬೇರೆ. ಈ ಮೌನ ಯಾವುದೆಂದು ತಿಳಿಯಲಿಲ್ಲ.

ಕಂಪನಿ ಬಸ್ಸಿನ ಹಿಂದಿನ ಸೀಟುಗಳಲ್ಲಿ ಹೆಂಗಸರ ಸಲಹೆಗಳಿಗೆ ಬರವಿರಲಿಲ್ಲ. ಬೆಳ್ಳುಳ್ಳಿಯನ್ನು ರವಿವಾರವೇ ಸುಲಿದಿಡು, ಶೇಂಗಾ ಚಟ್ನಿಪುಡಿ ವಾರಕ್ಕಾಗುವಷ್ಟು ಕುಟ್ಟಿಡು, ಶಾಲೆಯ ಸಮವಸ್ತ್ರವನ್ನು ಸಂಜೆಯೇ ಇಸ್ತ್ರಿ ಮಾಡಿ ಗೂಟಕ್ಕೆ ಹಾಕು. ಎಲ್ಲಕ್ಕಿಂತ ದೊಡ್ಡ ಸಲಹೆ ಕೊಟ್ಟವಳು ಪಕ್ಕದ ಸೀಟಿನ ನಾಗರತ್ನಾ.

"ಮೊದಲಿಗೆ ಈ ರೊಟ್ಟಿ ಬಡಿಯೂದು ಬಿಡವಾ. ನಿಮ್ಮ ಓಣ್ಯಾಗ ರತ್ನವ್ವ ರೊಟ್ಟಿ ಮಾಡಿ ಮಾರ್ತಾಳಲ್ಲ, ತಂದಿಟ್ಟುಬಿಡು."

"ಅತ್ತ್ಯಾರು ಏನಂತಾರೋ."

"ತಿನ್ನುವಾಗ ಬಾಯಾಗ ರೊಟ್ಟಿ ಇರತೈತಿ, ಏನ್ ಅಂತಾರ?"

ಬಸ್ಸೆಲ್ಲ ನಕ್ಕಿತು. ಭುವನೇಶ್ವರಿ ಸಲಹೆಯನ್ನು ಮನಸ್ಸಿಗೆ ಹಾಕಿಕೊಂಡಳು.

ಹೊಸ ಪಾಳಿಯ ಮೊದಲ ಬೆಳಗು ಅವಳು ಎಂದೂ ಕಾಣದಂಥದ್ದಾಗಿತ್ತು. ಹಿಟ್ಟಿಲ್ಲ, ಕಾದ ಹಂಚಿಲ್ಲ, ಕಡಪಾ ಕಲ್ಲಿನ ಕಟ್ಟೆ ಒರೆಸಿದಂತೆ ಸ್ವಚ್ಛವಾಗಿತ್ತು. ಬುಟ್ಟಿಯಲ್ಲಿ ರತ್ನವ್ವನ ರೊಟ್ಟಿ, ಡಬ್ಬಿಗಳಲ್ಲಿ ಪಲ್ಯ. ಒಂದು ಕಪ್ ಚಹಾ ಮಾಡಿಕೊಂಡು ಹೊಸ್ತಿಲ ಮೇಲೆ ಕುಳಿತಳು. ಓಣಿಯಲ್ಲಿ ಒಂದು ನಾಯಿ ಮೈಮುರಿಯಿತು. ದೂರದಲ್ಲಿ ರೈಲು ಕೂಗಿತು. ಮದುವೆಯಾದಂದಿನಿಂದ ಬಿಸಿ ಇರುವಾಗಲೇ ಪೂರ್ತಿ ಕುಡಿದ ಚಹಾ ಇದೊಂದೇ ಎನ್ನಿಸಿ ಅವಳಿಗೆ ತನ್ನಷ್ಟಕ್ಕೇ ನಗು ಬಂತು. ಮನೆ ಮಲಗಿದ್ದಾಗಲೂ ಇಷ್ಟು ಚೆಂದ ಉಸಿರಾಡುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು, ಯಾರಿಗೂ ಎಚ್ಚರವಾಗದಂತೆ ಹೊರಬಿದ್ದಳು.

ಯಾರಿಗೂ ಎಚ್ಚರವಾಗಲೇ ಇಲ್ಲ.

ವಿದ್ಯಾಳಿಗೆ ಶಾಲೆ ತಪ್ಪಿತು. ಗುರುಪಾದ ಅಂಗಡಿಗೆ ಹೋದಾಗ ಮಾಲೀಕರೇ ಶಟರ್ ಎತ್ತುತ್ತಿದ್ದರು. ಸಂಜೆ ಭುವನೇಶ್ವರಿ ಮನೆಗೆ ಬಂದಾಗ, ಒಂದೇ ಗೋಡೆ ಹಂಚಿಕೊಂಡ ಪಕ್ಕದ ಮನೆಯ ಅಬೀದಾ ಬಾಗಿಲಲ್ಲೇ ನಿಂತಿದ್ದಳು.

"ಭುವನಕ್ಕಾ, ಇವತ್ತ ನಮ್ಮ ಮನ್ಯಾಗೂ ಎಲ್ಲಾರೂ ಮಲಗೇ ಬಿಟ್ಟೀವಿ ನೋಡ್ರಿ. ಇವರು ಬನಿಯನ್ ಮ್ಯಾಲೇ ಗಾಡಿ ಹತ್ತಿ ಓಡಿದ್ರು. ಹವಾ ಬದಲಾಗೇತೇನೋ!"

ಮರುದಿನ ಎರಡು ಫೋನುಗಳಿಗೆ ಅಲಾರಂ ಇಟ್ಟರು. ಗುರುಪಾದ ನಿದ್ದೆಗಣ್ಣಲ್ಲೇ ಒಂದರ ಬಾಯಿ ಮುಚ್ಚಿಸಿದ. ಇನ್ನೊಂದು ವಿದ್ಯಾಳ ದಿಂಬಿನ ಕೆಳಗೆ ಹಾಡಿ ಹಾಡಿ ಸುಸ್ತಾಗಿ ಸುಮ್ಮನಾಯಿತು. ಭುವನೇಶ್ವರಿ ಬಸ್ಸಿನಿಂದಲೇ ಫೋನು ಮಾಡಿ ಎಬ್ಬಿಸತೊಡಗಿದಳು. "ಎದ್ದೇನವಾ" ಎಂದು ಮಗಳು ಮಲಗಿಯೇ ಹೇಳುವಳು. ಇಪ್ಪತ್ತು ಹೆಂಗಸರ ಲೈನು ಶುರುವಾಗುವ ಹೊತ್ತಿಗೂ ಅವಳ ಕಿವಿಯಲ್ಲಿ ಫೋನು. ಪಾಳಿಯ ಸಾಹೇಬರು ಒಮ್ಮೆ ನೋಡಿದರು, ಎರಡು ಸಲ ನೋಡಿದರು, ಮೂರನೆಯ ಸಲ ಹತ್ತಿರ ಬಂದರು.

"ಭುವನೇಶ್ವರಿ ಅವರ, ನಿಮ್ಮನ್ನ ಲೈನ್ ನೋಡಾಕ ನಿಲ್ಲಿಸೇವಿ. ಮನಿ ನೋಡಾಕಲ್ಲ."

ದನಿ ಎತ್ತಿರಲಿಲ್ಲ. ಅದಕ್ಕೇ ಹೆಚ್ಚು ನಾಟಿತು. ಮನೆಯಲ್ಲಿ ಸಾವಕ್ಕನ ಮೌನವೂ ದಟ್ಟವಾಗುತ್ತಿತ್ತು. ರತ್ನವ್ವನ ರೊಟ್ಟಿ ಮುರಿದುಕೊಂಡು, ತಲೆ ಎತ್ತದೆ ಉಣ್ಣುವಳು. ಕೊಂಡ ರೊಟ್ಟಿಗೆ ಅತ್ತೆ ಮುನಿದಿದ್ದಾಳೆ ಎಂಬುದರಲ್ಲಿ ಭುವನೇಶ್ವರಿಗೆ ಅನುಮಾನ ಉಳಿಯಲಿಲ್ಲ. ಶನಿವಾರ ಬಸ್ಸಿನಿಂದ ಇಳಿಯುವಾಗ ನಾಗರತ್ನಾಳಿಗೆ ಮೆಲ್ಲಗೆ ಹೇಳಿದಳು: "ಸೋಮವಾರ ಸಾಹೇಬ್ರಿಗೆ ಹೇಳಿಬಿಡ್ತೇನಿ. ಹಳೇ ಪಾಳಿನ ಸಾಕು ನನಗ. ಲೀಡರ್ ಬ್ಯಾರೆ ಯಾರರ ಆಗ್ಲಿ."

ರವಿವಾರ ರತ್ನವ್ವನಿಗೆ ರಜೆ. ಭುವನೇಶ್ವರಿ ನಸುಕಿಗೇ ಎದ್ದು ಹಿಟ್ಟಿಗೆ ಎಸರು ಹಾಕಿ ನಾದಿದಳು. ಹಂಚು ಒಲೆಗೇರಿತು. ಮೊದಲ ಉಂಡೆಯನ್ನು ಕಟ್ಟೆಯ ಮೇಲಿಟ್ಟು ಬಡಿದಳು. ಪಟ್, ಪಟ್, ಪಟ್.

ನಡುಮನೆಯಲ್ಲಿ ಸಾವಕ್ಕನ ಮಂಚ ಕಿರ್ ಎಂದಿತು.

ರೊಟ್ಟಿ ಕೈಯಡಿ ತಿರುಗುತ್ತ ಅಗಲವಾಯಿತು. ಒಳಕೋಣೆಯಲ್ಲಿ ಗುರುಪಾದ ಕೆಮ್ಮಿದ. ಎರಡನೆಯ ರೊಟ್ಟಿಗೆ ಗೋಡೆಯಾಚೆ ಅಬೀದಾಳ ಮನೆಯ ನಲ್ಲಿ ಸುರಿಯಿತು.

ಭುವನೇಶ್ವರಿಯ ಕೈ ನಿಂತಿತು. ಕೆಮ್ಮು ನಿಂತಿತು. ಮಂಚ ಸುಮ್ಮನಾಯಿತು. ನಲ್ಲಿಯ ನೀರೂ ಯೋಚಿಸುವಂತೆ ಸಣ್ಣಗಾಯಿತು. ಅವಳು ಮತ್ತೆ ಮೆಲ್ಲಗೆ ಬಡಿದಳು. ಮಂಚ ಕಿರ್ ಎಂದಿತು. ಕೆಮ್ಮು ಮುಂದುವರಿಯಿತು. ನಿಲ್ಲಿಸಿದಳು. ಎಲ್ಲವೂ ನಿಂತಿತು. ಅವಳ ಹೊಟ್ಟೆಯೊಳಗಿಂದ ನಗು ಉಕ್ಕಿ ಬಂತು. ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡಳು. ಇಷ್ಟು ವರ್ಷ ತಾನು ಬರೀ ಹೊಟ್ಟೆಗಾಗಿ ರೊಟ್ಟಿ ಬಡಿಯುತ್ತಿದ್ದೇನೆ ಎಂದುಕೊಂಡಿದ್ದಳು. ಎರಡು ಮನೆಗಳನ್ನು ಎಬ್ಬಿಸುತ್ತಿದ್ದದ್ದು ತನಗೂ ಗೊತ್ತಿರಲಿಲ್ಲ, ಏಳುತ್ತಿದ್ದವರಿಗೂ ಗೊತ್ತಿರಲಿಲ್ಲ.

"ಯಾಕ ನಿಲ್ಲಿಸಿದಿ?" ಸಾವಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಎಚ್ಚರ ಆಗೂದ್ರಾಗ ಬಿಟ್ಟುಬಿಟ್ಟಿ. ಹಲ್ಲುಜ್ಜೂವಾಗ ನೀರು ಹೋದಂಗಾತು."

ಭುವನೇಶ್ವರಿ ನಗುತ್ತಲೇ ರೊಟ್ಟಿ ಸಪ್ಪಳದ ಗುಟ್ಟು ಹೇಳಿದಳು. ಸಾವಕ್ಕ ಕೇಳಿ, ಗೋಡೆ ಹಿಡಿದು ಮೆಲ್ಲಗೆ ಕೆಳಗೆ ಕುಳಿತಳು.

"ಅಯ್ಯ ಶಿವನ! ಹಂಗಂದ್ರ ನನಗ ಮುಪ್ಪು ಹತ್ತಿಲ್ಲ?"

"ಅಂದ್ರ?"

"ವಾರ ಆತವಾ, ಹೊತ್ತು ಮ್ಯಾಲ ಏರಿದ ಮ್ಯಾಲ ಏಳಾಕತ್ತೇನಿ. ಬಿಸಲಾಗ ಕುಂತು ಲಿಂಗಪೂಜಿ ಮಾಡಾಕತ್ತೇನಿ. ಹುಟ್ಟಿದಾಗಿಂದ ಹಿಂಗ ಆಗಿದ್ದಿಲ್ಲ. ಇನ್ನ ಮುಗೀತು ನನ್ನ ಕಥಿ ಅಂತ ಯಾರಿಗೂ ಹೇಳದ ಕುಂತಿದ್ದೆ."

"ನಾನು ರೊಟ್ಟಿಗೆ ಸಿಟ್ಟಾಗೀರಿ ಅಂತ ತಿಳಕೊಂಡಿದ್ದೆನ್ರಿ ಅತ್ತಿ!"

"ರತ್ನವ್ವನ ರೊಟ್ಟಿ ಏನ್ ಛಲೋ ಅದಾವ! ನಿನ್ನವಕ್ಕಿಂತ ತೆಳ್ಳಗ." ಸಾವಕ್ಕ ತಡೆದು ಸೇರಿಸಿದಳು: "ಸಿಟ್ಟಾಗಬ್ಯಾಡ ಮತ್ತ."

ಅತ್ತೆ ಸೊಸೆ ಇಬ್ಬರೂ ನಕ್ಕ ಸದ್ದಿಗೆ ಗುರುಪಾದ ಎದ್ದು ಬಂದ. ಅವನ ಹಿಂದೆ ಕಣ್ಣುಜ್ಜುತ್ತ ವಿದ್ಯಾ. ಗೋಡೆಯಾಚೆಯಿಂದ ಅಬೀದಾಳ ಕೂಗು: "ಅಕ್ಕಾ, ಏನ್ ನಡಿಸೀರಿ? ಚಾ ಇಡ್ಲೋ ಬ್ಯಾಡೋ?"

ವಿದ್ಯಾ ಕೂಡಲೇ ಉಪಾಯ ಹುಡುಕಿದಳು. ಉಳಿದ ರೊಟ್ಟಿಗಳ ಸಪ್ಪಳವನ್ನು ಫೋನಿನಲ್ಲಿ ಹಿಡಿದುಕೊಂಡು ಅಲಾರಂ ಮಾಡಿದಳು. ಪರೀಕ್ಷೆ ಮಧ್ಯಾಹ್ನದ ನಿದ್ದೆಯಲ್ಲೇ ನಡೆಯಿತು. ಫೋನು ಪಟಪಟ ಬಡಿದರೂ ಗುರುಪಾದನ ಗೊರಕೆಗೆ ಅದು ತಾಳವಾಯಿತೇ ಹೊರತು ಯಾರೂ ಏಳಲಿಲ್ಲ.

"ಇದರಾಗ ರೊಟ್ಟಿ ಸುಡೂ ವಾಸನಿ ಎಲ್ಲೈತಿ?" ಎಂದು ಸಾವಕ್ಕ ಫೋನನ್ನು ಮೂಸಿ ನೋಡಿ ಮೊಮ್ಮಗಳಿಗೆ ಮರಳಿಸಿದಳು. ಆಮೇಲೆ ಮಗನ ಕಡೆ ತಿರುಗಿದಳು. "ನನ್ನ ಮುಂಗೈಯಾಗ ಶಕ್ತಿ ಇಲ್ಲ. ನೀನ ಬಡಿ."

"ನಾನ? ಯವ್ವಾ, ಅಂಗಡ್ಯಾಗ ಗೊತ್ತಾದ್ರ ಗಿರಾಕಿ ನಟ್ಟು ಬೋಲ್ಟು ಬಿಟ್ಟು ರೊಟ್ಟಿ ಕೇಳ್ತಾರ."

"ಕೇಳ್ಲಿ. ಎರಡನೇ ಅಂಗಡಿ ತಗಿ."

ಅಂದಿನ ಸಂಜೆ ಸಾವಕ್ಕ ಮಗನಿಗೆ ಕಲಿಸಿದಳು. ಅವನ ಮೊದಲ ರೊಟ್ಟಿ ಗೋವಾದ ನಕಾಶೆಯಂತಾಯಿತು. ಎರಡನೆಯದು ನಡುವೆ ಹರಿದು ಕಿಟಕಿ ತೆರೆಯಿತು. "ಬಡದ ಕಡಿಗೇ ಬಡಿಬ್ಯಾಡ, ತಿರುಗಿಸೋ!" ಎಂದು ಸಾವಕ್ಕ ಕೂಗುವಳು. ವಿದ್ಯಾ ನೆಲದ ಮೇಲೆ ಬಿದ್ದು ನಕ್ಕಳು. ಭುವನೇಶ್ವರಿ ಕಾಲು ಚಾಚಿ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ತಾನಿಲ್ಲದ ಬೆಳಗುಗಳಲ್ಲಿ ಈ ಮನೆ ಹೀಗೆ ಇರುತ್ತದೆ ಎಂದು ಮೊದಲ ಸಲ ಕಣ್ಣಿಗೆ ಕಟ್ಟಿತು. ಆ ಚಿತ್ರ ಅವಳಿಗೆ ಹಿಡಿಸಿತು.

ಸೋಮವಾರ ನಸುಕಿಗೆ ಅವಳು ಹೊಸ್ತಿಲ ಮೇಲೆ ಕುಳಿತು ಚಹಾ ಮುಗಿಸಿದಳು. ಆಮೇಲೆ ಒಂದೇ ಒಂದು ರೊಟ್ಟಿ ಬಡಿದು ಹಂಚಿಗೆ ಹಾಕಿದಳು. ಮಂಚ ಕಿರ್ ಎಂದಿತು. ಗುರುಪಾದ ಬನಿಯನ್ ತೋಳು ಏರಿಸುತ್ತ ಬಂದು ನಿಂತ. ಅವಳು ಎರಡನೆಯ ರೊಟ್ಟಿ ಬಡಿಯುತ್ತಲೇ ಪಕ್ಕಕ್ಕೆ ಸರಿದಳು, ಅವನು ಕೈ ಇಟ್ಟ. ಸಪ್ಪಳ ಎಲ್ಲೂ ಕಡಿಯಲಿಲ್ಲ.

"ಹೋಗು ಹೋಗು, ಬಸ್ಸು ಬಿಟ್ಟೀತು" ಎಂದ, ರೊಟ್ಟಿಯಿಂದ ಕಣ್ಣು ಕೀಳದೆ.

ಅವಳು ಬಿಸಿ ರೊಟ್ಟಿಗೆ ಬೆಣ್ಣೆ ಸವರಿ, ಸುರುಳಿ ಸುತ್ತಿ, ಚಪ್ಪಲಿ ಮೆಟ್ಟಿಕೊಂಡೇ ಹೊರಬಿದ್ದಳು. ತಿರುವಿನಲ್ಲಿ ನಿಂತಾಗಲೂ ಹಿಂದಿನ ಓಣಿಯಿಂದ ಕೇಳುತ್ತಲೇ ಇತ್ತು. ಪಟ್, ಪಟ್, ಆಮೇಲೆ ತಡವಾಗಿ ಪಟಾರ್. ನಡುವೆ ಸಾವಕ್ಕನ ದನಿ: "ತಿರುಗಿಸೋ!" ಅದರ ಬೆನ್ನಿಗೇ ಅಬೀದಾ: "ಯಾರ್ರೀ ಅದು? ಭುವನಕ್ಕಂದಲ್ಲ ಇದು!" ಅವಳ ಕಿಟಕಿಯಲ್ಲಿ ದೀಪ ಹತ್ತಿತು. ಮರುಗಳಿಗೆ ತನ್ನ ಮನೆಯ ಒಳಕೋಣೆಯ ಕಿಟಕಿಯಲ್ಲೂ. ಕಿಟಕಿಯ ಬೆಳಕಲ್ಲಿ ವಿದ್ಯಾಳ ಕೆದರಿದ ಜಡೆಯ ನೆರಳು ಹಾದುಹೋಯಿತು.

ಬಸ್ಸು ಬಂತು. ನಾಗರತ್ನಾ ಜಾಗ ಬಿಟ್ಟು ಸರಿದಳು. "ಸಾಹೇಬ್ರಿಗೆ ಇವತ್ತ ಹೇಳ್ತಿ ಹಂಗಾರ?"

"ಏನು?" ಎಂದಳು ಭುವನೇಶ್ವರಿ, ರೊಟ್ಟಿಯ ಅರ್ಧ ಮುರಿದು ಅವಳ ಕೈಗಿಡುತ್ತ. ನಾಗರತ್ನಾ ಅವಳ ಮುಖ ನೋಡಿ, ನಕ್ಕು ರೊಟ್ಟಿ ಕಚ್ಚಿದಳು. ಬೆಣ್ಣೆ ಬೆರಳುಗಳಿಗೆ ಇಳಿಯಿತು. ಭುವನೇಶ್ವರಿ ಫೋನನ್ನು ಚೀಲದ ತಳಕ್ಕೆ ಹಾಕಿ, ಮೇಲೆ ಡಬ್ಬಿ ಇಟ್ಟು, ಕಿಟಕಿಯ ಗಾಜು ಸರಿಸಿದಳು. ಬಸ್ಸಿನ ಎಂಜಿನ್ನಿನ ಸದ್ದಿನಲ್ಲೂ ಇನ್ನೊಂದು ಪಟಾರ್ ಕೇಳಿದಂತಾಯಿತು. ಧಾರವಾಡದ ದಾರಿ ಹಿಡಿಯುವವರೆಗೂ ಅವಳ ನಗು ಇಳಿಯಲಿಲ್ಲ.