ಫ್ಯಾನ್ ಆಫ್ ಮಾಡಿ ಕೇಳಿದವರು

ನನ್ನ ಕಿವಿ ಹೋಗಿ ಮೂರು ವರ್ಷವಾಯಿತು. ಇಪ್ಪತ್ತೆಂಟು ವರ್ಷ ಎಂಜಿನ್ನುಗಳ ಪಕ್ಕ ನಿಂತವಳಿಗೆ ಇನ್ನೇನಾಗುತ್ತೆ? ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ತಿಳ್ಕೋತೀನಿ. ಗ್ಯಾರೇಜು ನನ್ನದೂ ನನ್ನ ತಮ್ಮನದೂ. ಎಂಜಿನ್ ಟ್ಯೂನ್ ಮಾಡೋಕೆ ಕಿವಿಯೇ ಬೇಕು ಅನ್ನೋದು ಅವನ ವೇದವಾಕ್ಯ. ರೇಸಿನ ದಿನ ಬೆಳಿಗ್ಗೆ ಹೇಳಿಯೇಬಿಟ್ಟ: "ಅಕ್ಕ, ನಾಳೆಯಿಂದ ನೀನು ಸ್ಪೇರ್ ಪಾರ್ಟ್ಸ್ ಕೌಂಟರಲ್ಲಿ ಕೂತ್ಕೋ. ಟ್ಯೂನಿಂಗ್ ಮೇಸ್ತ್ರಿ ನೋಡ್ಕೋತಾರೆ."

ಕೂತ್ಕೋಬೇಕಂತೆ, ಬೋಲ್ಟು ಎಣಿಸ್ಕೊಂಡು. ನನಗೆ ಮೈಯೆಲ್ಲ ಉರಿದುಹೋಯಿತು.

ಆ ಮೇಸ್ತ್ರಿಯನ್ನು ಎಲ್ಲರೂ ಕಿವಿ ಮೇಸ್ತ್ರಿ ಅಂತಲೇ ಕರೆಯೋದು. ಕೆಲಸ ಬಲ್ಲವನೇ, ಸುಳ್ಳು ಯಾಕೆ ಹೇಳಲಿ. ತಮ್ಮನ ಮಗಳು ಓಡಿಸೋ ಕಾರಿಗೆ ಟರ್ಬೊ ಕೂರಿಸಿ, ದೊಡ್ಡ ಇಂಜೆಕ್ಟರ್ ಹಾಕಿದ್ದು ಅವನೇ. ಆದರೆ ಬೆಳಗಿನ ಓಟಕ್ಕೆ ಸರದಿಯಲ್ಲಿ ಕಾಯ್ತಾ ನಿಂತಲ್ಲೇ ಕಾರು ಆಫ್ ಆಯಿತು. ತಳ್ಳಿಕೊಂಡು ವಾಪಸ್ ತಂದೆವು. ಮಧ್ಯಾಹ್ನ ಇನ್ನೊಂದೇ ಓಟ ಉಳಿದಿತ್ತು.

ಮೇಸ್ತ್ರಿ ಬಾನೆಟ್ ಎತ್ತಿದ. ಎಂಜಿನ್ ತಣಿಸೋ ಫ್ಯಾನ್ ಆಫ್, ಲೈಟ್ ಆಫ್, ಸುತ್ತ ನಿಂತವರ ಬಾಯೂ ಆಫ್. ಕಣ್ಣು ಮುಚ್ಚಿ ಕೇಳಿದ, ಲ್ಯಾಪ್‌ಟಾಪಲ್ಲಿ ಪೆಟ್ರೋಲ್ ಒಂಚೂರು ಏರಿಸಿದ, ಒಂಚೂರು ಇಳಿಸಿದ, ತಲೆಯಾಡಿಸಿದ. ತಮ್ಮನೂ ತಲೆಯಾಡಿಸಿದ. ಹೊರಗೆ ತಂದು ಎಂಜಿನ್ ಓಡ್ತಿರೋ ಹಾಗೇ ಹತ್ತು ನಿಮಿಷ ನಿಲ್ಲಿಸಿದರೆ ಮತ್ತೆ ಆಫ್. ಹೀಗೆ ಮೂರು ಸಲ.

ಹುಡುಗಿ ಹೆಲ್ಮೆಟ್ ಹಿಡ್ಕೊಂಡು ನನ್ನೆದುರು ಬಂದಳು. "ಅತ್ತೆ, ನೀವೊಂದ್ಸಲ ನೋಡಿ."

"ಕಿವಿ ಇದ್ದೋರಿಗೇ ಆಗ್ಲಿಲ್ಲ," ಅಂತ ಅವಳಪ್ಪನ ತುಟಿ ಅಲ್ಲಾಡಿತು. ಕಂಡೂ ಕಾಣದ ಹಾಗೆ ಹೋಗಿ ಸೀಟಲ್ಲಿ ಕೂತೆ.

ನನಗೆ ಸದ್ದು ಅಡಗಿಸೋ ಅಗತ್ಯವೇ ಇರಲಿಲ್ಲ. ಸ್ಟಾರ್ಟ್ ಮಾಡಿ ಸುಮ್ಮನೆ ಬಿಸಿಯಾಗೋಕೆ ಬಿಟ್ಟೆ. ಫ್ಯಾನ್ ತಾನಾಗೇ ತಿರುಗಿತು. ತಿರುಗಿದ ಕೂಡಲೇ ಲ್ಯಾಪ್‌ಟಾಪ್ ಪರದೆ ಮೇಲೆ ವೋಲ್ಟೇಜ್ ಹದಿನಾಲ್ಕರಿಂದ ಹನ್ನೆರಡಕ್ಕೆ ಬಿತ್ತು. ಗಾಳಿ-ಪೆಟ್ರೋಲ್ ಮಿಶ್ರಣದ ಮೀಟರ್ ಪೆಟ್ರೋಲ್ ಸಾಲದು ಅಂತ ತೋರಿಸಿತು. ಸೀಟು ಎರಡು ಸಲ ಅದುರಿ ಎಂಜಿನ್ ನಿಂತಿತು.

ಅಯ್ಯೋ ನಮ್ಮ ಬುದ್ಧಿಗಿಷ್ಟು! ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ದಾಯಿತು. ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್ ಕರೆಂಟಿನಿಂದ ಬಾಯಿ ಬಿಡೋ ವಸ್ತು. ವೋಲ್ಟೇಜ್ ಕುಗ್ಗಿದರೆ ತಡವಾಗಿ ಬಾಯಿ ಬಿಡುತ್ತೆ, ಪೆಟ್ರೋಲ್ ಕಮ್ಮಿಯಾಗುತ್ತೆ. ಎಷ್ಟು ತಡ ಅನ್ನೋ ಪಟ್ಟಿಯನ್ನು ಕಂಪ್ಯೂಟರಿಗೆ ನಾವೇ ಕೊಡಬೇಕು, ಅದು ಅಷ್ಟು ಹೊತ್ತು ಸೇರಿಸಿಕೊಳ್ಳುತ್ತೆ. ಇವರು ಹೊಸ ಇಂಜೆಕ್ಟರಿಗೆ ಹಳೇ ಇಂಜೆಕ್ಟರಿನ ಪಟ್ಟಿಯನ್ನೇ ಬಿಟ್ಟಿದ್ದರು. ಚೆನ್ನಾಗಿ ಕೇಳಿಸಲಿ ಅಂತ ಫ್ಯಾನ್ ಆಫ್ ಮಾಡಿದಾಗೆಲ್ಲ ಕಾಯಿಲೆಯೂ ಅಡಗಿ ಕೂರ್ತಿತ್ತು.

ಮತ್ತೆ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಮೇಲೆ ಕಾಲಿಟ್ಟು, ಫ್ಯಾನು, ಹೆಡ್‌ಲೈಟು, ವೈಪರು, ಇದ್ದಬದ್ದದ್ದೆಲ್ಲ ಹಾಕಿದೆ. ಪಟ್ಟಿಯ ಹನ್ನೆರಡು ವೋಲ್ಟಿನ ಸಾಲಲ್ಲಿ ಅಂಕಿ ಏರಿಸ್ತಾ ಹೋದೆ, ಒಂದೊಂದು ಸಲಕ್ಕೆ ಮಿಲಿಸೆಕೆಂಡಿನ ಹತ್ತನೇ ಒಂದು ಪಾಲು. ಮೂರನೇ ಸಲಕ್ಕೆ ಮೀಟರ್ ಸರಿಯಾದ ಜಾಗಕ್ಕೆ ಬಂತು. ಕಾಲು ತೆಗೆದೆ. ಎಂಜಿನ್ ನಿಲ್ಲಲಿಲ್ಲ.

ಮಧ್ಯಾಹ್ನ ಸರದಿಯಲ್ಲಿ ನಮ್ಮ ಮುಂದೆ ಆರು ಕಾರು. ಡಿಕ್ಕಿ ಮೇಲೆ ಅಂಗೈ ಇಟ್ಕೊಂಡು ಜೊತೆಗೇ ನಡೆದೆ. ಓಟ ಶುರುವಾಗೋ ಗೆರೆಯ ಹತ್ತಿರ ಬಂದಾಗ ಫ್ಯಾನ್ ತಿರುಗಿತು, ಅಂಗೈಗೆ ಸಣ್ಣದೊಂದು ನಡುಕ ತಾಗಿತು. ಸತ್ತೆ ಅಂದುಕೊಂಡೆ. ನಡುಕ ಕಳೆದು ಎಂಜಿನ್ ಮೊದಲಿನ ಹಾಗೇ ಓಡ್ತಾ ಇತ್ತು. ಹಸಿರು ದೀಪ ಬಿತ್ತು, ಕಾರು ನನ್ನ ಕೈ ಬಿಡಿಸ್ಕೊಂಡು ಹಾರಿತು.

ಬೋರ್ಡಿನಲ್ಲಿ ನಮ್ಮ ಹುಡುಗಿಯ ಸಮಯ ಎಲ್ಲರಿಗಿಂತ ಮೇಲೆ ಬಂದು ಕೂತಿತು. ಕಿವಿ ಮೇಸ್ತ್ರಿ ಬಂದು ನನ್ನ ಎರಡೂ ಕೈ ಹಿಡ್ಕೊಂಡು, "ಆ ಪಟ್ಟಿ ನನಗೂ ತೋರಿಸಿಕೊಡಿ," ಅಂದ. ದೊಡ್ಡ ಮನುಷ್ಯ.

ಆಮೇಲೆ ತಮ್ಮ ಬಂದ. ನೆಲ ನೋಡಿದ, ಬೋರ್ಡ್ ನೋಡಿದ, ಕೊನೆಗೆ ನನ್ನ ಮುಖ ನೋಡಿದ. "ಅಕ್ಕ, ಕೌಂಟರಿಗೆ ಬೇರೆ ಯಾರನ್ನಾದ್ರೂ ನೋಡೋಣ. ಎಂಜಿನ್ ಎಲ್ಲ ನೀನೇ ನೋಡ್ಕೋ."

ಒಂದಕ್ಷರ ಬಿಡದೆ ತಿಳಿದಿತ್ತು.

"ಗೊತ್ತಾಗ್ಲಿಲ್ಲ ಕಣೋ," ಅಂದೆ, "ಇನ್ನೊಂದ್ಸಲ ಹೇಳು."